ಕಾಲುಗುರು ಪೂರ್ತಿ ಕೀಳೋದನ್ನ ನಾನು ಬಿಟ್ಟಿದ್ದು ಯಾಕೆ

ತಾಲೂಕು ಆಸ್ಪತ್ರೇಲಿ ಜನರಲ್ ಸರ್ಜನ್ ನಾನು. ಕಾಲಿನ ಹೆಬ್ಬೆರಳ ಉಗುರು ಅಂಚಲ್ಲಿ ಮಾಂಸದೊಳಗೆ ಚುಚ್ಕೊಂಡು ಕೀವಾಗಿ ಬರೋರು ವಾರಕ್ಕೊಬ್ರಾದ್ರೂ ಇರ್ತಾರೆ, ಇದನ್ನೂ ಉಗುರುಸುತ್ತು ಅಂದ್ಕೊಂಡು ಅರಿಶಿನ ಮೆತ್ತಿ, ಮೆಡಿಕಲ್ ಶಾಪಲ್ಲಿ ಮಾತ್ರೆ ತಗೊಂಡು ನುಂಗಿ, ಎಲ್ಲಾ ಆದ್ಮೇಲೆ ಬರೋದು. ಮಾತ್ರೆಗೆ ಕೀವು ಕಮ್ಮಿ ಆಗ್ಬಹುದು, ಚುಚ್ತಿರೋ ಉಗುರು ಅಲ್ಲೇ ಇರತ್ತಲ್ಲ.

ಮೊದಮೊದಲು ನಾನೂ ಪೂರ್ತಿ ಉಗುರು ಕಿತ್ತು ಕಳಿಸ್ತಿದ್ದೆ. ಕೆಲವು ತಿಂಗಳಿಗೆ ಅದೇ ಬೆರಳು ತೋರಿಸ್ಕೊಂಡು ವಾಪಸ್ ಬರೋರು. ಬುಡದಲ್ಲಿ ಉಗುರು ಹುಟ್ಟೋ ಜಾಗ, ಮ್ಯಾಟ್ರಿಕ್ಸ್ ಅಂತೀವಿ, ಅದು ಹಾಗೇ ಉಳಿದ್ರೆ ಹೊಸ ಉಗುರೂ ಅದೇ ದಾರಿ ಹಿಡಿಯತ್ತೆ. ಅದ್ಕೇ ಈಗ ಚುಚ್ಚೋ ಕಡೆ ಮೂರ್ನಾಲ್ಕು ಮಿಲಿಮೀಟರ್ ಪಟ್ಟಿ ಮಾತ್ರ ತೆಗೆದು, ಅಷ್ಟರ ಬುಡವನ್ನ ಫಿನಾಲ್ ಅನ್ನೋ ರಾಸಾಯನಿಕ ಹಚ್ಚಿ ಸುಡ್ತೀನಿ. 1945ರಲ್ಲೇ ಬೋಲ್ ಅನ್ನೋರು ಬರೆದಿದ್ದ ವಿಧಾನ. ನೆಲ ಒರೆಸೋ ಫಿನಾಯಿಲ್ ಅಲ್ಲ ಇದು, ದಯವಿಟ್ಟು ಮನೇಲಿ ಯಾರೂ ಕೈ ಹಾಕ್ಬೇಡಿ.

ಹೋದ್ವರ್ಷ ಒಬ್ಬ ಹುಡುಗ ಬಂದ, ಪೊಲೀಸ್ ಕಾನ್‌ಸ್ಟೇಬಲ್ ಫಿಸಿಕಲ್‌ಗೆ ರೆಡಿ ಆಗ್ತಿದ್ದೋನು. "ಸರ್, 1600 ಮೀಟರ್ ಓಡ್ಬೇಕು, ಶೂ ಹಾಕಕ್ಕೇ ಆಗ್ತಿಲ್ಲ" ಅಂತ ಕಣ್ಣಲ್ಲಿ ನೀರು. ಶುಗರ್ ನೋಡ್ಸಿ, ಪಾದದ ನಾಡಿ ಮುಟ್ಟಿ ನೋಡಿ ಆಮೇಲೇ ಟೇಬಲ್ ಮೇಲೆ ಮಲಗಿಸಿದ್ದು, ರಕ್ತ ಸರಿಯಾಗಿ ಹರಿಯದ ಕಾಲಿಗೆ ಇದನ್ನ ಮಾಡಿದ್ರೆ ಗಾಯ ಒಣಗಲ್ಲ. ಬೆರಳ ಬುಡಕ್ಕೆ ಎರಡೂ ಕಡೆ ಲಿಗ್ನೋಕೇನ್, ಅಂದ್ರೆ ಮರಗಟ್ಟಿಸೋ ಇಂಜೆಕ್ಷನ್ ಕೊಡ್ತೀನಿ, ನಿಜವಾಗ್ಲೂ ನೋಯೋದು ಅದೊಂದೇ, ನಿಧಾನಕ್ಕೆ ಕೊಟ್ಟು ಹತ್ತು ನಿಮಿಷ ಕಾದ್ರೆ ಸಾಕು. ಗ್ಲೌಸಿನ ಬೆರಳು ಕತ್ತರಿಸಿ, ತುದೀಲಿ ತೂತು ಮಾಡಿ ಹಾಕಿ ಬುಡದ ತನಕ ಸುರುಳಿ ಸುತ್ತಿದ್ರೆ ರಕ್ತ ನಿಲ್ಲತ್ತೆ, ರಕ್ತ ಇದ್ರೆ ಫಿನಾಲ್ ಕೆಲಸ ಮಾಡಲ್ಲ. ಆ ಸುರುಳಿ ಕಣ್ಣಿಗೆ ಬೀಳ್ಲಿ ಅಂತ ಒಂದು ಆರ್ಟರಿ ಫೋರ್ಸೆಪ್ಸ್ (ಕಚ್ಚಿ ಹಿಡಿಯೋ ಇಕ್ಕಳ) ಕಚ್ಚಿಸೇ ಇಡ್ತೀನಿ, ಬಿಚ್ಚೋದು ಮರೆತು ಡ್ರೆಸ್ಸಿಂಗ್ ಕಟ್ಟಿಬಿಟ್ರೆ ಬೆರಳೇ ಹೋಗತ್ತೆ.

ಪಟ್ಟಿ ಸೀಳಿ, ಫೋರ್ಸೆಪ್ಸಲ್ಲಿ ಹಿಡಿದು ಒಳಮುಖವಾಗಿ ತಿರುಗಿಸ್ತಾ ಎಳೆದ್ರೆ ಬುಡ ಸಮೇತ ಬಂತು. ಅದರ ತುದೀಲಿ ಮೀನಿನ ಮುಳ್ಳಿನ ತರ ಒಂದು ಚೂಪು, ತಿಂಗಳುಗಟ್ಟಲೆ ಅವನನ್ನ ಕಾಡಿದ್ದು ಅಷ್ಟೇ ಅಷ್ಟು. ಸುತ್ತ ಚರ್ಮಕ್ಕೆ ವ್ಯಾಸಲೀನ್ ಹಚ್ಚಿ, ಸಣ್ಣ ಹತ್ತಿ ಕಡ್ಡೀಲಿ ಫಿನಾಲ್ ಒಂದೊಂದು ನಿಮಿಷದಂತೆ ಮೂರು ಸಲ ಉಜ್ಜಿ, ಸ್ಪಿರಿಟಲ್ಲಿ ತೊಳೆದೆ. ಹೊಲಿಗೆ ಇಲ್ಲ.

ಎರಡ್ಮೂರು ವಾರ ನೀರು ಜಿನುಗತ್ತೆ ಅಂತ ಮೊದಲೇ ಹೇಳಿರ್ತೀನಿ, ಇಲ್ಲಾಂದ್ರೆ ಮತ್ತೆ ಕೀವಾಯ್ತು ಅಂತ ಗಾಬರಿ ಆಗ್ತಾರೆ. ಬ್ಲೇಡಲ್ಲಿ ಮೂಲೆ ಗುಂಡಗೆ ಕೆತ್ತೋ ಅಭ್ಯಾಸ ಅವನಿಗೆ, ನೇರಕ್ಕೆ ಕತ್ತರಿಸೋದು ಹೇಗೇಂತ ಇನ್ನೊಂದು ಕಾಲಲ್ಲಿ ಮಾಡಿ ತೋರಿಸ್ದೆ. ಆರನೇ ವಾರ ಶೂ ಹಾಕ್ಕೊಂಡೇ ಬಂದ. ಬಿಚ್ಚಿಸಿ ನೋಡ್ದೆ, ಉಗುರು ಸ್ವಲ್ಪ ಸಪೂರ ಆಗಿತ್ತು, ಅಂಚಿನ ಚರ್ಮ ಒಣಗಿತ್ತು, ಒತ್ತಿದ್ರೂ ನೋವಿಲ್ಲ ಅಂದ.