ಪರ ಊರಿಗಿ ಹೋದಾಗ ಗಾಲ್ಫ್ ಆಡೂದಿದ್ರ ಕೋರ್ಸ್ ಹೆಂಗ ಆರಿಸ್ಬೇಕು

ನಂಗ ಗಾಲ್ಫ್ ಹತ್ತಿದ್ದು ಹೈದ್ರಾಬಾದ್‌ದಾಗ. ಅಲ್ಲಿ ನೌಕ್ರಿ ಮಾಡೂ ಟೈಮಿಗಿ ಒಂದ್ ಡ್ರೈವಿಂಗ್ ರೇಂಜ್‌ಗಿ, ಅಂದ್ರ ಬರೇ ಬಾಲ್ ಹೊಡ್ದು ಪ್ರಾಕ್ಟೀಸ್ ಮಾಡೂ ಬಯಲಿಗಿ, ಹೋಗಿ ಒಂದ್ ಬುಟ್ಟಿ ಬಾಲ್ ತಗೊಂಡು ಹೊಡೀಲಿಕ್ಕ ಚಾಲೂ ಮಾಡಿದ್ದು, ಇವತ್ತಿನ ತನಕ ಬಿಟ್ಟಿಲ್ಲ. ಈಗ ವಾಪಸ್ ಕಲಬುರ್ಗಿಗಿ ಬಂದೀನಿ, ಆಡ್ಬೇಕಂದ್ರ ಊರ್ ಬಿಟ್ಟು ಹೋಗ್ಬೇಕು, ಅದಕ್ಕ ಆಫೀಸ್ ಕೆಲ್ಸ ಇರ್ಲಿ, ಮದ್ವಿ ಇರ್ಲಿ, ಯಾರಿಗ್ಯಾರ ದವಾಖಾನಿಗಿ ಕರ್ಕೊಂಡ್ ಹೋಗೂದಿರ್ಲಿ, ಎಲ್ಲಿಗಿ ಹೋದ್ರೂ ಒಂದ್ ಮುಂಜಾನಿ ಉಳಿಸ್ಕೊಂಡು ಇಲ್ಲಿ ಎಲ್ಲಿ ಆಡ್ಲಿಕ್ಕ ಬರ್ತದ ಅಂತ ಹುಡ್ಕೂದು ನಂಗ ರೂಢಿ ಆಗ್ಯಾದ. ಈಗೀಗ ನಮ್ ಕಡಿ ಹುಡುಗ್ರೂ ಬೆಂಗ್ಳೂರು ಪುಣೆದಾಗ ಕೆಲ್ಸಕ್ಕ ಸೇರಿ ಗಾಲ್ಫ್ ಕಲೀಲಕತ್ತಾರ, ಮೊನ್ನಿ ಬೀದರ್‌ದ ನಮ್ ಅಳಿಯ ಫೋನ್ ಮಾಡಿ "ಮಾವಾ, ದಿಲ್ಲಿಗಿ ಹೊಂಟೀನಿ, ಅಲ್ಲಿ ಎಲ್ಲಿ ಆಡ್ಲಿ" ಅಂತ ಕೇಳಿದ. ಅವ್ನಿಗಿ ಹೇಳಿದ್ದೇ ಇಲ್ಲಿ ಜರಾ ಬಿಡಿಸಿ ಬರೀತೀನಿ.

ಮೊದ್ಲ ಒಂದು ತಿಳ್ಕೋರಿ, ಮ್ಯಾಪ್‌ದಾಗ ಹಸರು ಕಂಡಲ್ಲೆಲ್ಲಾ ನಿಮಗ ಆಡ್ಲಿಕ್ಕ ಬಿಡಂಗಿಲ್ಲ. ನಮ್ ದೇಶದಾಗ ಗಾಲ್ಫ್ ಕೋರ್ಸ್ ಅಂದ್ರ ಬಹುತೇಕ ಮೆಂಬರ್‌ಗಳ ಕ್ಲಬ್ಬೇ. ಕೆಲವು ಕಡಿ ಮೆಂಬರ್ ಜೋಡಿ ಬಂದ್ರಷ್ಟೇ ಒಳಗ, ಕೆಲವು ಕಡಿ ಗ್ರೀನ್ ಫೀ, ಅಂದ್ರ ಒಂದ್ ಸರ್ತಿ ಆಡೂದಕ್ಕ ಕೊಡೂ ರೊಕ್ಕ, ಕಟ್ಟಿದ್ರ ಹೊರಗಿನವ್ರಿಗೂ ಬಿಡ್ತಾರ, ಆದ್ರ ದಿನ ಮತ್ತ ಟೈಮ್ ಅವ್ರೇ ಹೇಳ್ತಾರ. ಇನ್ನ ಮಿಲಿಟರಿಯವ್ರ ಕೋರ್ಸ್, ಅಲ್ಲಿ ಫೌಜಿನವ್ರ ಪೈಕಿ ಯಾರಾದ್ರೂ ಗುರ್ತಿನವ್ರು ಇರ್ಬೇಕು. ಮೂರನೇದು, ಯಾರು ಬೇಕಾದ್ರೂ ರೊಕ್ಕ ಕೊಟ್ಟು ಆಡೂವಂಥಾದ್ದು, ಇದು ಖರೇ ಪಬ್ಲಿಕ್ ಕೋರ್ಸ್, ಮತ್ತ ಇವು ಭಾಳ ಕಮ್ಮಿ ಅವ. ದಿಲ್ಲಿದಾಗ ಲಾಡೋ ಸರಾಯ್ ಹತ್ರ ಕುತುಬ್ ಗಾಲ್ಫ್ ಕೋರ್ಸ್ ಅದ, ಡಿಡಿಎದವ್ರು (ದಿಲ್ಲಿ ಡೆವಲಪ್‌ಮೆಂಟ್ ಅಥಾರಿಟಿ) ಮಾಡಿದ್ದು, 2000ದಾಗ ಚಾಲೂ ಆಯ್ತು, ದೇಶದ ಪೈಲಾ ಪಬ್ಲಿಕ್ ಗಾಲ್ಫ್ ಕೋರ್ಸ್ ಅಂತ ಅದಕ್ಕೇ ಅಂತಾರ. ನವಿ ಮುಂಬೈದಾಗ ಸಿಡ್ಕೋದವ್ರದ್ದು (ಆ ಊರು ಕಟ್ಟಿದ ಸರ್ಕಾರಿ ಸಂಸ್ಥಾ) ಖಾರ್‌ಘರ್ ವ್ಯಾಲಿ ಕೋರ್ಸ್ ಅದ, ಗುಡ್ಡದ ಬುಡಕ. ಅಳಿಯನಿಗಿ ನಾ ಹೇಳಿದ್ದು ಕುತುಬ್‌ದೇ.

ಈ ಫರಕ್ ತಿಳೀದೆ ನಾ ಒಮ್ಮಿ ಎಂಥಾ ತ್ರಾಸ ತಗೊಂಡೀನಿ ಅಂದ್ರ, ರಾತ್ರಿ ಟ್ರೇನ್‌ದಾಗ ಪೂರಾ ಕಿಟ್ ಹೊತ್ಕೊಂಡು ಹೋಗಿ, ಸ್ಟೇಷನ್‌ದಾಗೇ ಮಾರಿ ತೊಳ್ಕೊಂಡು, ಆಟೋ ಮಾಡ್ಕೊಂಡು ಒಂದ್ ಕ್ಲಬ್ಬಿನ ಗೇಟಿಗಿ 6 ಗಂಟೆಕ್ಕ ಹೋಗಿ ನಿಂತೆ. ವಾಚ್‌ಮನ್ ಪಾಪ ಚಲೋ ಮನ್ಷ್ಯಾ, "ಇವತ್ತು ಸೋಮವಾರ ಸಾಹೇಬ್ರ, ಕೋರ್ಸ್ ಬಂದ್" ಅಂದ. ಒಳಗ ಹುಲ್ಲ್ ಕೊಯ್ಯೂ ಮಷೀನ್ ಸಪ್ಪಳ ಕೇಳಸ್ಲಕತ್ತಿತ್ತು, ಹಸಿ ಹುಲ್ಲಿನ ವಾಸ್ನಿ ಗೇಟ್ ತನಕ ಬರ್ಲಕತ್ತಿತ್ತು, ನಾ ಬ್ಯಾಗ್ ಹೆಗಲಿಗಿ ಹಾಕ್ಕೊಂಡು ಹೊರಗ ನಿಂತೀನಿ. ಆವತ್ತು ಭಾಳ ಕೆಟ್ಟ ಅನಿಸ್ತು. ಭಾಳ ಕ್ಲಬ್ಬಿಗಿ ಸೋಮವಾರ ಮೇಂಟೆನನ್ಸ್ ರಜಾ ಇರ್ತದ, ಇದು ಗಾಲ್ಫ್ ಆಡೂ ಮಂದಿಗಿ ಎಲ್ಲಾರಿಗೂ ಗೊತ್ತಿರೂ ಮಾತು, ನಂಗ ಹೇಳೂವ್ರು ಯಾರೂ ಇರ್ಲಿಲ್ಲ.

ಅದಕ್ಕ ಹೋಗೂ ನಾಕೈದು ದಿನ ಮೊದ್ಲೇ ಫೋನ್ ಹಚ್ರಿ. ವೆಬ್‌ಸೈಟ್‌ದಾಗ ಬರ್ದಿದ್ದು ಹಳೇದಿರ್ತದ, ರೇಟೂ ಹಳೇದೇ ಇರ್ತದ. ಫೋನ್ ಹಚ್ಚಿದಾಗ ರಿಸೆಪ್ಷನ್ ಬ್ಯಾಡ, "ಸ್ಟಾರ್ಟರ್ ಇದ್ರ ಕೊಡ್ರಿ" ಅನ್ರಿ, ಇಲ್ಲಾಂದ್ರ ಗಾಲ್ಫ್ ಆಫೀಸ್ ಕೇಳ್ರಿ. ಸ್ಟಾರ್ಟರ್ ಅಂದ್ರ ಫಸ್ಟ್ ಟೀ (ಆಟದ ಪೈಲಾ ಹೊಡ್ತ ಹೊಡಿಯೂ ಜಾಗ) ಹತ್ರ ಕುಂತು ಯಾರ್ ಯಾವಾಗ ಹೊಡೀಬೇಕು ಅಂತ ನೋಡ್ಕೊಳ್ಳೂವ, ಆ ದಿನದ ಕಥಿ ಪೂರಾ ಅವ್ನಿಗೇ ಗೊತ್ತು. ನಾ ಹಿಂಗ ಕೇಳ್ತೀನಿ: "ನಮಸ್ಕಾರ್ರಿ, ನಾ ಕಲಬುರ್ಗಿಯಿಂದ ಬರ್ಲಕತ್ತೀನಿ, ಮೆಂಬರ್ ಅಲ್ಲ, ಗುರುವಾರ ಮುಂಜಾನಿ ಒಬ್ಬನೇ ಆಡ್ಬೇಕಂತೀನಿ, ಮೆಂಬರ್ ಜೋಡಿ ಇಲ್ದೇ ಬಿಡ್ತೀರೇನ್ರಿ? ಎಷ್ಟ್ ಗಂಟೆಕ್ಕ ಬಂದ್ರ ಬರೋಬರಿ?" ಇದಕ್ಕ ಹೂಂ ಅಂದ್ರ ಮುಂದಿನ್ದು. ಗ್ರೀನ್ ಫೀ ಎಷ್ಟು, ಟ್ಯಾಕ್ಸ್ ಸೇರ್ಸಿ ಎಷ್ಟು, ಕ್ಯಾಡಿ (ಬ್ಯಾಗ್ ಹೊತ್ತು ಜೋಡಿ ಬಂದು ಹೆಂಗ ಹೊಡೀಬೇಕು ಅಂತ ಹೇಳೂವ) ತಗೊಳ್ಳೇಬೇಕೇನು, ಅವ್ನ ರೊಕ್ಕ ಬ್ಯಾರೇನೇನು, ಬಾಡ್ಗಿ ಕ್ಲಬ್ (ಬಾಲ್ ಹೊಡಿಯೂ ಕೋಲು) ಸಿಗ್ತಾವೇನು. ಪೈಲಾ ಹೇಳೂ ರೇಟ್ ಮತ್ತ ಕೊನಿಗಿ ಕೈಯಿಂದ ಹೋಗೂ ರೊಕ್ಕ ಎರಡೂ ಬ್ಯಾರೆ ಬ್ಯಾರೆ ಇರ್ತಾವ, ವಾರದ ದಿನ ಒಂದು, ಶನಿವಾರ-ಐತವಾರ ಒಂದು, ಅದಕ್ಕ ಎಲ್ಲಾ ಕೂಡ್ಸಿ ಎಷ್ಟು ಆಗ್ತದ ಅಂತ ಬಾಯ್ ಬಿಟ್ಟು ಕೇಳೂದ್ರಾಗ ನಾಚ್ಕಿ ಏನಿಲ್ಲ. ಆ ದಿನ ಟೂರ್ನಮೆಂಟ್ ಅದ ಏನು ಅಂತನೂ ಕೇಳ್ರಿ, ಕಂಪನಿಯವ್ರು ಪೂರಾ ಕೋರ್ಸ್ ಹಿಡ್ದಿದ್ರ ನಿಮ್ಗ ಮಧ್ಯಾಹ್ನ ತನಕ ಜಾಗ ಸಿಗಂಗಿಲ್ಲ.

ಕೊನಿ ಪ್ರಶ್ನಿ ಒಂದದ, ಅದು ಭಾಳ ಮಂದಿ ಕೇಳಂಗೇ ಇಲ್ಲ. "ಗ್ರೀನ್ಸ್ ಹೆಂಗ ಅವ, ಹೋಲ್ ಹೊಡ್ದು ಉಸುಕು ಹಾಕೀರೇನು?" ಗ್ರೀನ್ ಅಂದ್ರ ಹೋಲ್ ಸುತ್ತಿನ ನುಣ್ಣನ ಹುಲ್ಲು, ಅದ್ರ ಮ್ಯಾಲ ಮಂದಿ ಅಡ್ಡಾಡಿ ಅಡ್ಡಾಡಿ ಮಣ್ಣು ಗಟ್ಟಿ ಆಗಿ ಬೇರಿಗಿ ಗಾಳಿ ನೀರು ಇಳಿಯಂಗಿಲ್ಲ, ಅದಕ್ಕ ವರ್ಷಕ್ಕ ಒಂದೆರಡು ಸರ್ತಿ ಮಷೀನ್‌ಲಿಂದ ಬೊಟ್ಟಿನಷ್ಟು ದಪ್ಪ ತೂತು ಹೊಡ್ದು ಮ್ಯಾಲ ಉಸುಕು ಹಾಕ್ತಾರ, ಏರೇಷನ್ ಅಂತಾರ ಇದಕ್ಕ. ಹುಲ್ಲಿಗಿ ಇದು ಬೇಕೇ ಬೇಕು, ತಪ್ಪಲ್ಲ. ಆದ್ರ ಎರಡು ಮೂರು ವಾರ ಪಟ್ ಮಾಡೂದು, ಅಂದ್ರ ಬಾಲ್ ಉಳ್ಳಿಸಿ ಹೋಲಿಗಿ ಹಾಕೂದು, ಭಾಳ ಕಷ್ಟ. ಒಮ್ಮಿ ನಾ ಪೂರಾ ಫೀ ಕಟ್ಟಿ ಹೋದೆ, ಫಸ್ಟ್ ಗ್ರೀನ್‌ದಾಗ ನಾಕ್ ಫೂಟ್ ಪಟ್, ಬಾಲ್ ಹೊಂಟಿದ್ದು ನೆಟ್ಟಗೇ ಹೊಂಟಿತ್ತು, ತೂತಿನ ಅಂಚಿಗಿ ತಾಗಿ ಟಣ್ ಅಂತ ಜಿಗಿತು, ಎಡಕ್ಕ ಹೊಳ್ಳಿತು, ಬಾಲ್ ಎತ್ತಿ ನೋಡಿದ್ರ ಸಕ್ರಿ ಹಚ್ಚಿದ ಉಂಡಿ ಹಂಗ ಉಸುಕು ಮೆತ್ಕೊಂಡಿತ್ತು. 18 ಹೋಲೂ ಹಂಗೇ. ಕೇಳಿದ್ರ ಅವ್ರು ಸುಳ್ಳು ಹೇಳ್ತಿರ್ಲಿಲ್ಲ, ನಾ ಕೇಳ್ಲೇ ಇಲ್ಲ. ಹಂಗಿದ್ದಾಗ ಕೆಲವ್ರು ರೇಟ್ ಕಮ್ಮಿ ಮಾಡ್ತಾರ, ಇಲ್ಲಾಂದ್ರ ಬ್ಯಾರೆ ಕೋರ್ಸ್ ನೋಡ್ಕೋರಿ.

ಇನ್ನ ನಿಮ್ ಆಟಕ್ಕ ತಕ್ಕ ಕೋರ್ಸ್ ಯಾವ್ದು ಅನ್ನೂದು. ಹೆಸ್ರು ನೋಡಿ ಆರಿಸ್ಬ್ಯಾಡ್ರಿ, ಸ್ಕೋರ್‌ಕಾರ್ಡ್ ನೋಡಿ ಆರಿಸ್ರಿ, ಇದು ನನ್ನ ಅನುಭವದ ಮಾತು. ಸ್ಕೋರ್‌ಕಾರ್ಡ್‌ದಾಗ ಎರಡು ನಂಬರ್ ಮುಖ್ಯ, ಒಂದು ಯಾರ್ಡೇಜ್, ಅಂದ್ರ ಕೋರ್ಸ್ ಎಷ್ಟು ಯಾರ್ಡ್ ಉದ್ದ ಅನ್ನೂದು, ಇನ್ನೊಂದು ಸ್ಲೋಪ್, ಅಂದ್ರ ಸಾಧಾರಣ ಆಟಗಾರಿಗಿ ಎಷ್ಟು ಕಠಿಣ ಅನ್ನೂ ಲೆಕ್ಕ. ಸ್ಲೋಪ್ ಅನ್ನೂದು 55ಲಿಂದ 155ರ ತನಕ ಇರ್ತದ, ಸಾಧಾರಣ ಅಂದ್ರ 113. ಅದು 113ಕಿಂತ ಮ್ಯಾಲ ಹೋದಂಗ ನಿಮ್ಮ ನಮ್ಮಂಥಾ ಸಾಧಾರಣ ಆಟಗಾರಿಗಿ ತ್ರಾಸ ಜಾಸ್ತಿ, ಚಲೋ ಆಡೂವ್ನಿಗಿ ಅಷ್ಟು ಅನಿಸಂಗಿಲ್ಲ. ಡ್ರೈವರ್‌ಲಿಂದ 180-200 ಯಾರ್ಡ್ ಹೊಡಿಯೂವ ಹೋಗಿ 6,800 ಯಾರ್ಡ್ ಟೀ ಮ್ಯಾಲ ನಿಂತ್ರ ದಿನ ಪೂರಾ ಪಾರ್ 4 ಹೋಲಿನ (ನಾಕ್ ಹೊಡ್ತದಾಗ ಮುಗಿಸ್ಬೇಕಾದ್ದು) ಗ್ರೀನಿಗಿ ಎರಡು ಹೊಡ್ತದಾಗ ಮುಟ್ಟಂಗಿಲ್ಲ, ಹಿಂದಿನವ್ರೂ ಕಾಯ್ಬೇಕು. ಗ್ರೀನಿಗಿ ಹತ್ರ ಇರೂ ಮುಂದಿನ ಟೀ ಲಿಂದ ಆಡ್ರಿ, ಆ ಟೀ ಹೆಂಗಸ್ರದ್ದು ಮುದುಕ್ರದ್ದು ಅಂತ ತಲಿದಾಗಿದ್ರ ತೆಗೀರಿ. ನ್ಯೂಯಾರ್ಕ್ ಹತ್ರ ಬೆತ್‌ಪೇಜ್ ಬ್ಲ್ಯಾಕ್ ಅಂತ ಸರ್ಕಾರಿ ಪಾರ್ಕಿನ ಕೋರ್ಸ್ ಅದ, ಹಿಂದ ಯುಎಸ್ ಓಪನ್ ಟೂರ್ನಮೆಂಟ್ ನಡೆದಂಥಾದ್ದು, ಅಲ್ಲಿ ಫಸ್ಟ್ ಟೀ ಹತ್ರ ಬೋರ್ಡೇ ಹಾಕ್ಯಾರ, ಇದು ಭಾಳ ಕಠಿಣ ಕೋರ್ಸ್, ಭಾಳ ಚಲೋ ಆಡೂವ್ರಷ್ಟೇ ಆಡ್ರಿ ಅಂತ. ಬೋರ್ಡ್ ಇಲ್ದ ಕಡಿ ನಾವೇ ನಮಗ ಹೇಳ್ಕೋಬೇಕು. ಬಾಲ್ ಕಳ್ಕೊಳ್ಳೂ ನೀರು ಎಷ್ಟು ಹೋಲ್‌ದಾಗ ಅದ ಅಂತ ಸ್ಯಾಟಲೈಟ್ ಮ್ಯಾಪ್‌ದಾಗೇ ಕಾಣ್ತದ, ರಾತ್ರಿ ಲಾಡ್ಜ್‌ದಾಗ ಕುಂತು ಒಂದೊಂದು ಹೋಲ್ ನೋಡ್ರಿ, ನಂಗಂತೂ ಅದ್ರಾಗೇ ಅರ್ಧ ಖುಷಿ.

ಟೈಮಿನ ಲೆಕ್ಕ ಸರಿ ಹಾಕ್ರಿ. 18 ಹೋಲ್ ಅಂದ್ರ 4ಲಿಂದ 5 ತಾಸು, ಬರೂದು ಹೋಗೂದು, ಜಳಕ, ತಿಂಡಿ ಕೂಡಿ ಅರ್ಧ ದಿನ ಮಾಯ. ಮಧ್ಯಾಹ್ನ ಮದ್ವಿ ಊಟ ಇದ್ರ, ಸಂಜಿಗಿ ಟ್ರೇನ್ ಇದ್ರ 9 ಹೋಲ್ ಆಡ್ರಿ, ಎರಡು ಎರಡೂವರೆ ತಾಸಿನ್ಯಾಗ ಮುಗೀತದ, ಮತ್ತ ನಿಶ್ಚಿಂತಿ. ಮನಿ ಮಂದಿ ನಿಮ್ ದಾರಿ ಕಾಯ್ಲಕತ್ತಿದ್ರ 14ನೇ ಹೋಲ್‌ದಾಗ ಯಾವ ಹೊಡ್ತನೂ ನೆಟ್ಟಗ ಹೋಗಂಗಿಲ್ಲ. ಕೋರ್ಸ್ ಎಷ್ಟೇ ಚಲೋ ಇರ್ಲಿ, ನೀವು ಇಳ್ಕೊಂಡಿದ್ದ ಕಡಿಂದ ಒಂದೂವರೆ ತಾಸು ಟ್ರಾಫಿಕ್ ಇದ್ರ ನಾ ಅದನ್ನ ಬಿಡ್ತೀನಿ, ಹತ್ರಿಂದು ಸಾಧಾರಣ ಇದ್ರೂ ಸೈ.

ಬಿಸ್ಲು. ನಮಗ ಕಲಬುರ್ಗಿಯವ್ರಿಗಿ ಬಿಸ್ಲು ಹೊಸದಲ್ಲ ಅಂತ ಧೈರ್ಯ ಮಾಡ್ಬ್ಯಾಡ್ರಿ, ಏಪ್ರಿಲ್ ಮೇದಾಗ 8-10 ಕಿಲೋಮೀಟರ್ ಬಯಲಾಗ ನಡೆಯೂದು ಹೊಲಕ್ಕ ಹೋಗಿ ಬಂದಂಗಲ್ಲ, ಗಿಡದ ನೆಳ್ಳೂ ಇರಂಗಿಲ್ಲ. ಬ್ಯಾಸಗಿದಾಗ ಎಲ್ಲಾಕಿಂತ ಪೈಲಾ ಟೀ ಟೈಮ್ ಕೇಳ್ರಿ, ಉಪ್ಪು ಹಾಕಿದ ಮಜ್ಜಿಗಿ ಬಾಟ್ಲಿ ಬ್ಯಾಗ್‌ದಾಗ ಇಟ್ಕೋರಿ. ದಿಲ್ಲಿಗಿ ಡಿಸೆಂಬರ್ ಜನೇವರಿದಾಗ ಹೋದ್ರ ಉಲ್ಟಾ, ಮಂಜು ಇರ್ತದ, ಬಾಲ್ ಎಲ್ಲಿ ಬಿತ್ತು ಕಾಣಂಗಿಲ್ಲ, ಜರಾ ತಡಾ ಮಾಡಿ ಹೋಗ್ರಿ. ಖಾರ್‌ಘರ್ ಕಡಿ ಮಳಿಗಾಲ ಬಿಟ್ಬಿಡ್ರಿ.

ಕಿಟ್ ಒಯ್ಯೂದೇನು ಬಿಡೂದೇನು? ರೂಲ್ ಪ್ರಕಾರ 14 ಕ್ಲಬ್ ತನಕ ಇಟ್ಕೋಬಹುದು, ಇಟ್ಕೊಳ್ಳೇಬೇಕು ಅಂತಿಲ್ಲ. ನಾ ಟ್ರೇನ್‌ದಾಗ ಹೋಗೂದಿದ್ರ ಸಣ್ಣ ಬ್ಯಾಗ್‌ದಾಗ 7 ಕ್ಲಬ್ ಅಷ್ಟೇ, ಡ್ರೈವರ್, ಒಂದು ಹೈಬ್ರಿಡ್, 6, 8 ಐರನ್, ಪಿಚಿಂಗ್ ವೆಜ್, ಸ್ಯಾಂಡ್ ವೆಜ್, ಪಟರ್. ಕ್ಲಬ್ಬಿನ ತಲಿ ಕಡಿ ಹಳೇ ಟವೆಲ್ ಸುತ್ತಿ ಬರ್ತ್ ಗ್ವಾಡಿ ಕಡಿ ಹಚ್ಚಿ ಇಟ್ಟು ಮಲಗ್ತೀನಿ. ಬಾಡ್ಗಿ ಸೆಟ್ ಸಿಗೂದಿದ್ರೂ ಬೂಟು, ಗ್ಲೌಸ್, ಬಾಲ್ ನಿಮ್ಮವೇ ಇರ್ಲಿ, ಬಾಡ್ಗಿ ಕ್ಲಬ್ಬಿನ ಗ್ರಿಪ್ ಸವೆದು ನುಣ್ಣಗಾಗಿರ್ತಾವ. ಎಡಗೈಯವ್ರಿದ್ರ ಮೊದ್ಲೇ ಕೇಳ್ರಿ, ಭಾಳ ಕಡಿ ಎಡಗೈ ಸೆಟ್ ಇರಂಗಿಲ್ಲ. ಕಾಲರ್ ಇದ್ದ ಟೀ ಶರ್ಟ್ ಹಾಕ್ಕೋರಿ, ಜೀನ್ಸ್ ಬ್ಯಾಡ.

ನಮ್ ಕಡಿಯವ್ರಿಗಿ ಹತ್ರಿಂದು ಅಂದ್ರ ಹೈದ್ರಾಬಾದೇ, ಬೀದರ್‌ಲಿಂದ ಮೂರು ತಾಸಿನ ದಾರಿ. ಅಲ್ಲಿ ಗೋಲ್ಕೊಂಡಾ ಕೋಟಿ ಹತ್ರ ನಯಾ ಕಿಲಾದಾಗ ಹೈದ್ರಾಬಾದ್ ಗಾಲ್ಫ್ ಕ್ಲಬ್ ಅದ, ಹಳೇ ಕೋಟಿ ಗ್ವಾಡಿ ನೋಡ್ಕೋತ ಆಡೂದು. ಗೋಲ್ಕೊಂಡಾ ಒಂದ್ ಕಾಲಕ್ಕ ನಮ್ ಬಹಮನಿಯವ್ರ ಕೈಯಾಗೇ ಇತ್ತು, ಕಲಬುರ್ಗಿ ಬೀದರ್ ಕೋಟಿ ನೋಡ್ಕೋತ ಬೆಳೆದ ನಂಗ ಅಲ್ಲಿ ಪರ ಊರು ಅನಿಸಂಗಿಲ್ಲ. ಗಚ್ಚಿಬೌಲಿ ಕಡಿ ಬೋಲ್ಡರ್ ಹಿಲ್ಸ್ ಅದ, ಹೆಸ್ರೇ ಹೇಳ್ತದ, ದೊಡ್ಡ ದೊಡ್ಡ ಬಂಡಿಗಲ್ಲಿನ ನಡುವ ಆಡೂದು. ಬೆಂಗ್ಳೂರಾಗ 1876ದಾಗ ಚಾಲೂ ಆದ ಬೆಂಗಳೂರು ಗಾಲ್ಫ್ ಕ್ಲಬ್, ಮತ್ತ ದೊಮ್ಮಲೂರು ಹತ್ರ ಕೆಜಿಎ (ಕರ್ನಾಟಕ ಗಾಲ್ಫ್ ಅಸೋಸಿಯೇಷನ್) ಅವ, ಟೋಕಿಯೊ ಒಲಿಂಪಿಕ್ಸ್‌ದ ಗಾಲ್ಫ್‌ದಾಗ 4ನೇ ನಂಬರ್ ಬಂದ ಅದಿತಿ ಅಶೋಕ್ ಬೆಂಗ್ಳೂರಿನ ಹುಡ್ಗಿನೇ. ಈ ಎರಡೂ ಕೋರ್ಸ್ ಮೆಂಬರ್ ಕ್ಲಬ್, ಗುರ್ತಿನ ಮೆಂಬರ್ ಇದ್ರ ಅವ್ರ ಕಡಿಂದ ಕೇಳಿಸ್ರಿ. ಮೈಸೂರಾಗ ಚಾಮುಂಡಿ ಬೆಟ್ಟ ಕಾಣೂ ಜಯಚಾಮರಾಜ ಒಡೆಯರ್ ಗಾಲ್ಫ್ ಕ್ಲಬ್ ಅದ, ದಸರಾಕ್ಕ ಹೋಗೂವ್ರು ಫೋನ್ ಹಚ್ಚಿ ನೋಡ್ರಿ.

ಮಕ್ಕಳು ಅಮೆರಿಕಾದಾಗ ಇದ್ದವ್ರು ಹೋದಾಗ ತಪ್ಪಸ್ಬ್ಯಾಡ್ರಿ, ಅಲ್ಲಿ ಊರಿಗೊಂದು ಮುನಿಸಿಪಾಲಿಟಿ ಕೋರ್ಸ್ ಇರೂದು ಸಾಮಾನ್ಯ, ಮೊಬೈಲ್‌ದಾಗೇ ಟೀ ಟೈಮ್ ಬುಕ್ ಆಗ್ತದ. ಆ ಊರಿನ ಮಂದಿಗಿ ರೇಟ್ ಕಮ್ಮಿ, ಹೊರಗಿನವ್ರಿಗಿ ಜಾಸ್ತಿ, ಆದ್ರ ಸಂಜಿ ಕಡಿ ಟ್ವೈಲೈಟ್ ರೇಟ್ ಅಂತ ಅಗ್ಗದ್ದು ಇರ್ತದ. ಒಬ್ಬರೇ ಹೋದ್ರ ಇಬ್ಬರು ಮೂವರಿದ್ದ ಗುಂಪಿಗಿ ಸೇರಿಸಿ ಕಳಸ್ತಾರ, ಇಂಗ್ಲಿಷ್ ಹರ್ಕು ಮುರ್ಕು ಇದ್ರೂ ನಡೀತದ, ಚಲೋ ಹೊಡ್ದಾಗ ಅವ್ರೂ ಕೈ ತಟ್ಟತಾರ. ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ಓಲ್ಡ್ ಕೋರ್ಸೂ ಪಬ್ಲಿಕ್ಕೇ, ಲಾಟರಿ ಹಂಗ ಬ್ಯಾಲೆಟ್‌ಗಿ ಹೆಸ್ರು ಹಾಕಬೇಕು, ಹ್ಯಾಂಡಿಕ್ಯಾಪ್ (ನಿಮ್ ಆಟದ ಮಟ್ಟ ಎಷ್ಟು ಅನ್ನೂ ನಂಬರ್) ಕಾಗ್ದ ತೋರಿಸ್ಬೇಕು, ಐತವಾರ ಸಾಮಾನ್ಯವಾಗಿ ಆಟ ಬಂದ್, ಊರ ಮಂದಿ ಅಡ್ಡಾಡ್ಲಿಕ್ಕ ಬಿಡ್ತಾರ.

ಕ್ಯಾಡಿ ಬಗ್ಗೆ ಒಂದು ಹೇಳ್ದಿದ್ರ ತಪ್ಪಾಗ್ತದ. ಹೊಸ ಕೋರ್ಸ್‌ದಾಗ ಕ್ಯಾಡಿ ಸಿಗೂದಿದ್ರ ತಗೋರಿ, ಕಂಪಲ್ಸರಿ ಇರ್ದಿದ್ರೂ ತಗೋರಿ. ಹೈದ್ರಾಬಾದ್‌ದಾಗ ಒಬ್ಬ ವಯಸ್ಸಾದ ಕ್ಯಾಡಿ ಇದ್ದ, ನಾ ಅವ್ನಿಗಿ ಚಾಚಾ ಅಂತಿದ್ದೆ. ಗ್ರೀನ್ ಅಂಚಿಗಿ ಕುಕ್ಕರಗಾಲ್ಲೆ ಕುಂತು, ಒಂದ್ ಕಣ್ಣು ಮುಚ್ಚಿ, ಬೊಟ್ಟಿಲೆ ಹುಲ್ಲಿನ ಮ್ಯಾಲ ಒಂದ್ ಜಾಗ ತೋರಿಸಿ "ಹೋಲ್ ನೋಡಬ್ಯಾಡ್ರಿ, ಇಲ್ಲಿ ತನಕ ಅಷ್ಟೇ ಹೊಡೀರಿ, ಉಳಿದಿದ್ದು ಗ್ರೀನೇ ಒಯ್ತದ" ಅಂತ ದಖ್ಖನಿದಾಗ ಹೇಳ್ದ. ನಂಗ ಬಲಕ್ಕ ಇಳಿಜಾರು ಕಾಣ್ಲಕತ್ತಿತ್ತು, ಅವ ತೋರ್ಸಿದ್ದೂ ಬಲಕ್ಕೇ. ಮನಸ್ಸಿಲ್ದೇ ಹೊಡ್ದೆ, ಬಾಲ್ ಬಲಕ್ಕ ಹೋಗಿ, ನಿಂತಂಗ ಮಾಡಿ, ಮೆಲ್ಲಕ ಎಡಕ್ಕ ಹೊಳ್ಳಿ ಒಳಗ ಬಿತ್ತು. ಅಲ್ಲಿನ ನೀರು ಯಾವ ಕಡಿ ಹರೀತದ ಅಂತ ಮೂವತ್ತು ವರ್ಷ ನೋಡಿದವ್ನ ಕಣ್ಣು ಅದು. ಅಂಥವ್ರಿಗಿ ಫೀ ಬಿಟ್ಟು ಕೈಯಾಗ ನಗದು ಕೊಡ್ರಿ, ಫೋನ್ ನಂಬರ್ ತಗೋರಿ, ಮುಂದಿನ ಸರ್ತಿ ಕ್ಲಬ್ಬಿಗಿ ಹಚ್ಚೂಕಿಂತ ಮೊದ್ಲ ಅವ್ರಿಗಿ ಹಚ್ರಿ, ಗ್ರೀನ್‌ದಾಗ ಉಸುಕು ಹಾಕ್ಯಾರೋ ಇಲ್ಲೋ ಖರೇ ಹೇಳೂವ್ರು ಅವ್ರೇ.