ತಲೆಕೆಳಗಾದ ಮೊಬೈಲು, ಎಡಕುಮೇರಿಯ ಗೂಡ್ಸು

ಎಚ್‌ಒ ಸ್ಕೇಲಿನ, ಅಂದರೆ ನಿಜವಾದದ್ದರ 87ನೇ ಒಂದು ಪಾಲು ಅಳತೆಯ, ಮಾದರಿ ರೈಲಿನ ಲೇಔಟನ್ನು ಮೊಬೈಲಿನಲ್ಲಿ ಫೋಟೊ ತೆಗೆದರೆ ಆಟಿಕೆ ಆಟಿಕೆಯಾಗಿಯೇ ಕಾಣುತ್ತದೆ, ಡಿಎಸ್‌ಎಲ್‌ಆರ್ (ಲೆನ್ಸು ಬದಲಿಸಬಹುದಾದ ದೊಡ್ಡ ಕ್ಯಾಮೆರಾ) ಇಲ್ಲದೆ ಆ ಸುದ್ದಿಗೇ ಹೋಗಬಾರದು ಎಂದು ನಮ್ಮ ಮಾದರಿ ರೈಲಿನ ಬಳಗದಲ್ಲಿ ಎಲ್ಲರೂ ಹೇಳುತ್ತಿದ್ದರು. "ಎಂಥ ಮಾರಾಯ್ರೆ, ಇಷ್ಟು ದುಡ್ಡು ಸುರಿದು ಘಾಟಿ ಕಟ್ಟಿದ್ದೀರಿ, ಫೋಟೊ ಮಾತ್ರ ಮೊಬೈಲಲ್ಲಾ?" ಎಂದು ಮಂಗಳೂರಿನ ಗೆಳೆಯರೊಬ್ಬರು ಕಾಲೆಳೆದಿದ್ದರು. ಕಳೆದ ಮಳೆಗಾಲದಲ್ಲಿ ಅದೇ ಬಳಗಕ್ಕೆ ಒಂದು ಚಿತ್ರ ಕಳಿಸಿದೆ. ಅರಸೀಕೆರೆ ಕಡೆಯ ನಿವೃತ್ತ ಲೋಕೊ ಪೈಲಟ್ ಒಬ್ಬರು ಕೇಳಿದರು: "ಇದು ಎಷ್ಟನೇ ನಂಬರ್ ಟನಲ್ಲು ಸಾರ್?" ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿನವರೆಗೆ 57 ಸುರಂಗಗಳು. ಅಷ್ಟನ್ನೂ ಎಷ್ಟೋ ವರ್ಷ ಹತ್ತಿ ಇಳಿದ ಮನುಷ್ಯ ಕೇಳಿದ ಪ್ರಶ್ನೆ ಅದು. ಆಮೇಲೆ ಮಂಗಳೂರಿನವರು ಎರಡು ದಿನ ಮಾತಾಡಲಿಲ್ಲ.

ನಾನು ಕಟ್ಟಿರುವುದು ಆ ಘಾಟಿಯ ಒಂದು ತುಣುಕಷ್ಟೇ: ಘಾಟಿಯ ನಡುವಿನ ಎಡಕುಮೇರಿ ಸ್ಟೇಷನ್ನಿನ ಲೂಪ್ ಲೈನು (ರೈಲು ಪಕ್ಕಕ್ಕೆ ಸರಿದು ನಿಲ್ಲುವ ಹಳಿ), ಒಂದು ಗರ್ಡರ್ ಸೇತುವೆ, ಎರಡು ಸುರಂಗದ ಬಾಯಿ. ಎಂಟಡಿ ಉದ್ದ, ಎರಡೂವರೆ ಅಡಿ ಅಗಲ. ಥರ್ಮೋಕೋಲ್, ಸನ್‌ಬೋರ್ಡ್, ಒಣಗಿಸಿದ ಚಹಾ ಚರಟ, ಫೆವಿಕಾಲ್. ಕಟ್ಟುವ ಕತೆ ನಿಮಗೆಲ್ಲ ಗೊತ್ತಿದ್ದದ್ದೇ, ಬಿಡಿ.

ಮೊದಲು ದುಡ್ಡು ಹೋದ ದಾರಿ ಹೇಳುತ್ತೇನೆ. ಎಲ್ಲರ ಮಾತು ಕೇಳಿ ಸೆಕೆಂಡ್ ಹ್ಯಾಂಡ್ ಡಿಎಸ್‌ಎಲ್‌ಆರ್ ತಂದೆ, ಹದಿನೆಂಟು ಸಾವಿರದ ಆಸುಪಾಸು. ತೀರಾ ಹತ್ತಿರದಿಂದ ತೆಗೆಯುವ ಮ್ಯಾಕ್ರೊ ಲೆನ್ಸು ದಿನಕ್ಕೆ ಐನೂರು ಆರುನೂರರ ಬಾಡಿಗೆಗೆ. ಕ್ಯಾಮೆರಾವನ್ನು ಚೂರುಚೂರೇ ಹಿಂದೆಮುಂದೆ ಜರುಗಿಸುವ ಫೋಕಸ್ ರೈಲು ಎಂಬ ಪಟ್ಟಿ ಬೇರೆ, ಅದಕ್ಕೆ ಮತ್ತೆರಡು ಸಾವಿರ. ಚಿತ್ರವೇನೋ ಚೂಪಾಗಿಯೇ ಬಂತು, ಆದರೆ ರೈಲು ಬರಲಿಲ್ಲ, ಮಾಡೆಲ್ಲೇ ಬಂತು. ಕಾರಣ ಎತ್ತರ. ಆ ಕ್ಯಾಮೆರಾವನ್ನು ಹಳಿಯ ಮೇಲೇ ಕೂರಿಸಿದರೂ ಲೆನ್ಸಿನ ನಡುಭಾಗ ನಾಲ್ಕೂವರೆ ಸೆಂಟಿಮೀಟರ್ ಮೇಲಿರುತ್ತದೆ. 87ರಿಂದ ಗುಣಿಸಿ ನೋಡಿ, ಹತ್ತಿರಹತ್ತಿರ ನಾಲ್ಕು ಮೀಟರ್. ಅಂದರೆ ಬೋಗಿಯ ಚಾವಣಿಯ ಮಟ್ಟದಿಂದ ನೋಡಿದ ಹಾಗೆ. ಹಳಿಯ ಪಕ್ಕ ನೆಲದ ಮೇಲೆ ನಿಂತವನ ಕಣ್ಣು ನಮ್ಮ ಸ್ಕೇಲಿನಲ್ಲಿ ಎರಡು ಸೆಂಟಿಮೀಟರಿಗಿಂತ ಮೇಲಿಲ್ಲ. ಲೆನ್ಸಿನ ಕಂಡಿಯನ್ನು ಕಿರಿದು ಮಾಡಿ ಅಪರ್ಚರ್ 22ಕ್ಕೆ ಇಳಿಸಿದರೆ ಹತ್ತಿರದ್ದೂ ದೂರದ್ದೂ ಚೂಪಾಗುವ ಫೋಕಸಿನ ಆಳ ಸ್ವಲ್ಪ ಸಿಗುತ್ತದೆ, ಆದರೆ ಕಿರಿದಾದ ಕಂಡಿಯಲ್ಲಿ ಬೆಳಕು ಚದುರುವ ಡಿಫ್ರಾಕ್ಷನ್ನಿಂದ ಇಡೀ ಚಿತ್ರ ಮಂಜಾಗುತ್ತದೆ. ಕ್ಯಾಮೆರಾವನ್ನು ಹದಿನಾಲ್ಕಕ್ಕೋ ಹದಿನೈದಕ್ಕೋ ಮಾರಿದೆ. ಮಾರುವ ಮುಂಚೆ ಲೆನ್ಸಿನ ಜಾಗಕ್ಕೆ ಹಾಕುವ ಮುಚ್ಚಳಕ್ಕೆ (ಬಾಡಿ ಕ್ಯಾಪ್) ತೂತು ಕೊರೆದು, ಕೂಲ್‌ಡ್ರಿಂಕ್ ಡಬ್ಬಿಯ ತಗಡಿನಲ್ಲಿ ಸೂಜಿ ಚುಚ್ಚಿ ಲೆನ್ಸಿಲ್ಲದ ಪಿನ್‌ಹೋಲ್ ಕ್ಯಾಮೆರಾ ಕೂಡ ಮಾಡಿ ನೋಡಿದ್ದೆ. ಹತ್ತಿರದ್ದು ದೂರದ್ದು ಎಲ್ಲ ಒಂದೇ ಸಮ ಬಂತು, ಒಂದೇ ಸಮ ಮಬ್ಬಾಗಿ. ಮನೆಯಲ್ಲಿ ಎಲ್ಲರೂ ನಕ್ಕರು. ಒಂದು ಪ್ರಿಂಟು ಇನ್ನೂ ಇಟ್ಟುಕೊಂಡಿದ್ದೇನೆ, ಹಳೇ ಕಾಲದ ಪೋಸ್ಟ್‌ಕಾರ್ಡಿನಂತಿದೆ.

ಮೊಬೈಲಿನ ಲೆನ್ಸು ಮೇಲಂಚಿನ ಹತ್ತಿರ ಇರುತ್ತದಲ್ಲ. ಫೋನನ್ನು ತಲೆಕೆಳಗು ಮಾಡಿ ಹಳಿಯ ಪಕ್ಕ ಇಟ್ಟರೆ ಲೆನ್ಸು ಒಂದೂವರೆ ಎರಡು ಸೆಂಟಿಮೀಟರಿಗೆ ಇಳಿಯುತ್ತದೆ. ಸರಿಯಾಗಿ ಗ್ಯಾಂಗ್‌ಮನ್ನಿನ ಕಣ್ಣೆತ್ತರ. ಎಂಜಿನ್ನಿನ ಮುಖ ನಾಲ್ಕು ಇಂಚಿಗಿಂತ ಹತ್ತಿರ ಬಾರದಂತೆ ನೋಡಿಕೊಳ್ಳಿ, ಅದಕ್ಕಿಂತ ಹತ್ತಿರಕ್ಕೆ ನನ್ನ ಫೋನು ಫೋಕಸ್ ಆಗುವುದಿಲ್ಲ. ಎಲ್ಲವನ್ನೂ ಕೈಯಲ್ಲೇ ಹೊಂದಿಸುವ ಪ್ರೊ ಮೋಡು, ಐಎಸ್‌ಒ (ಬೆಳಕಿಗೆ ಸ್ಪಂದಿಸುವ ಮಟ್ಟ) 50 ಅಥವಾ 100, ಶಟರ್ ಕಾಲು ಸೆಕೆಂಡಿನ ಸುತ್ತ. ಫೋಕಸ್ ಪಟ್ಟಿಯನ್ನು ಹತ್ತಿರದಿಂದ ದೂರಕ್ಕೆ ಸ್ವಲ್ಪ ಸ್ವಲ್ಪವೇ ಜರುಗಿಸುತ್ತ ಹನ್ನೆರಡು ಹದಿನೈದು ಚಿತ್ರ. ಆಮೇಲೆ ಕಂಪ್ಯೂಟರಿನಲ್ಲಿ ಸ್ಟ್ಯಾಕಿಂಗ್, ಅಂದರೆ ಪ್ರತಿ ಚಿತ್ರದ ಚೂಪಾದ ಭಾಗಗಳನ್ನಷ್ಟೇ ಸೇರಿಸಿ ಒಂದೇ ಚಿತ್ರ ಮಾಡುವುದು. ಹೆಲಿಕಾನ್ ಫೋಕಸ್, ಝೆರೀನ್ ಸ್ಟ್ಯಾಕರ್ ಚೆನ್ನಾಗಿವೆ, ದುಡ್ಡು ಕೊಡಬೇಕು. ನನ್ನದು ಕಂಬೈನ್‌ಝಡ್‌ಪಿ ಎನ್ನುವ ಹಳೆಯ ಪುಕ್ಕಟೆ ತಂತ್ರಾಂಶ. ಸಿಗ್ನಲ್ ಕಂಬದ ಸುತ್ತ, ಗರ್ಡರಿನ ಜಾಲರಿಯ ಸುತ್ತ ಬಿಳಿ ಪ್ರಭಾವಳಿ ಬರುತ್ತದೆ. ಅದನ್ನು ಕೈಯಲ್ಲೇ ಕೂತು ಅಳಿಸಬೇಕು, ಬೇರೆ ದಾರಿ ನನಗೆ ಸಿಕ್ಕಿಲ್ಲ.

ತೆಗೆಯುವಾಗ ಫ್ಯಾನ್ ಆಫ್. ಫೋನು ಏರೋಪ್ಲೇನ್ ಮೋಡಿನಲ್ಲಿರಲಿ, ಇಲ್ಲದಿದ್ದರೆ ಒಂಬತ್ತನೇ ಚಿತ್ರಕ್ಕೆ ಯಾರದೋ ಗುಡ್ ಮಾರ್ನಿಂಗ್ ಬಂದು ಫೋನು ಗಡಗಡ ನಡುಗಿ ಎಲ್ಲ ಮೊದಲಿಂದ ಶುರು. ಶಟರಿಗೆ ನೂರು ರೂಪಾಯಿಯ ಬ್ಲೂಟೂತ್ ರಿಮೋಟು ಸಾಕು. ಧೂಳು ನಮ್ಮ ದೊಡ್ಡ ಶತ್ರು. ಒಂದು ಮಿಲಿಮೀಟರಿನ ಕಸ ಚಿತ್ರದಲ್ಲಿ ಒಂಬತ್ತು ಸೆಂಟಿಮೀಟರಿನ ಕಲ್ಲು, ತಲೆಗೂದಲು ಬಿದ್ದರೆ ಹಳಿಯ ಮೇಲೆ ಕೇಬಲ್ಲು. ನಮ್ಮನೆಯವಳ ಪೌಡರ್ ಬ್ರಷ್ಷಿಗಿಂತ ಒಳ್ಳೆಯ ಉಪಕರಣ ಇದಕ್ಕಿಲ್ಲ. ಹೊಸದೊಂದು ತಂದುಕೊಟ್ಟು ಹಳೆಯದನ್ನು ಅಧಿಕೃತವಾಗಿಯೇ ಪಡೆದಿದ್ದೇನೆ.

ಬೆಳಕಿನ ವಿಷಯಕ್ಕೆ ಬಂದರೆ, ಲೋಕಕ್ಕೆ ಸೂರ್ಯ ಒಬ್ಬನೇ. ಎರಡು ದೀಪ ಹಾಕಿದ ಕೂಡಲೇ ಹಳಿ ಬದಲಿಸುವ ಪಾಯಿಂಟ್ಸ್‌ಮನ್ನಿನ ಗೊಂಬೆಗೆ ಎರಡು ನೆರಳು ಬಿದ್ದು ಗುಟ್ಟು ರಟ್ಟಾಗುತ್ತದೆ. ಒಂದೇ ದೀಪವಿದ್ದರೂ ಹತ್ತಿರ ಇಟ್ಟರೆ ನೆರಳುಗಳು ಬೀಸಣಿಗೆಯಂತೆ ಹರಡುತ್ತವೆ, ಎಂಟು ಹತ್ತು ಅಡಿ ದೂರ ಸರಿಸಬೇಕು. ಅಗ್ಗದ ಎಲ್‌ಇಡಿ ಬಲ್ಬು ಮಿನುಗುವುದರಿಂದ ಶಟರ್ ಚುರುಕಾದರೆ ಚಿತ್ರದಲ್ಲಿ ಪಟ್ಟೆ ಬರುತ್ತದೆ. ಕಾಲು ಸೆಕೆಂಡಿನಲ್ಲಿ ಆ ಕಾಟವಿಲ್ಲ. ನನ್ನ ಅತ್ಯುತ್ತಮ ಚಿತ್ರಗಳೆಲ್ಲ ದೀಪವೇ ಇಲ್ಲದೆ, ಆಷಾಢದ ಮೋಡದಲ್ಲಿ ಉತ್ತರದ ಕಿಟಕಿ ಬೆಳಕಿಗೆ ತೆಗೆದವು. ಮೈಸೂರಿನ ಆಷಾಢಕ್ಕೂ ಘಾಟಿಯ ಬೆಳಕಿಗೂ ಅಷ್ಟೇನೂ ವ್ಯತ್ಯಾಸವಿಲ್ಲ, ಜಿಗಣೆ ಒಂದಿಲ್ಲ.

ಹಿನ್ನೆಲೆಗೆ ಫ್ಲೆಕ್ಸ್ ಹೊಡೆಸಿದ್ದೆ, ಚದರಡಿಗೆ ಹದಿನೈದು ರೂಪಾಯಿ ಇರಬೇಕು. ಹೊಳಪು ತಡೆಯಲಾಗದೆ ಸುತ್ತಿ ಅಟ್ಟಕ್ಕೆ ಹಾಕಿದೆ. ಈಗಿರುವುದು ಬರೀ ಬೂದು ಎಮಲ್ಷನ್ ಬಳಿದ ಹಲಗೆ. ಅದರ ಮುಂದೆ ಬಟರ್ ಪೇಪರಿನಲ್ಲಿ ಗುಡ್ಡದ ಸಾಲು ಕತ್ತರಿಸಿ ಒಂದರ ಮುಂದೊಂದು ಅರ್ಧ ಇಂಚು ಬಿಟ್ಟು ನಿಲ್ಲಿಸಿದ್ದೇನೆ. ಹಿಂದಿನ ಗುಡ್ಡ ತಾನಾಗಿಯೇ ಮಸುಕಾಗುತ್ತದೆ. ಖರ್ಚು ನಲವತ್ತು ರೂಪಾಯಿ. ನೆನೆದ ಹಳಿಗೆ ಗ್ಲಿಸರಿನ್ ಬೆರೆಸಿದ ನೀರು, ಬೇಗ ಆರುವುದಿಲ್ಲ. ಸುರಂಗದ ಬಾಯಲ್ಲಿ ನಿಂತ ಹೊಗೆ ಹೇಗೆ ಅಂತ ಬಹಳ ಜನ ಕೇಳಿದ್ದಾರೆ. ಊದುಬತ್ತಿಯಲ್ಲ ಎಂದಷ್ಟೇ ಹೇಳಬಲ್ಲೆ. ಓಡುವ ಗೂಡ್ಸನ್ನು ಸ್ಟ್ಯಾಕ್ ಮಾಡಿದ್ದು ಹೇಗೆ ಎನ್ನುವುದೂ ಸದ್ಯಕ್ಕೆ ನನ್ನಲ್ಲೇ ಇರಲಿ.

ಇನ್ನೊಂದು ಕಿವಿಮಾತು, ಎದುರಿನಿಂದ ನೇರವಾಗಿ ತೆಗೆಯಬೇಡಿ. ನಮ್ಮ ಬ್ರಾಡ್‌ಗೇಜ್ 1676 ಮಿಲಿಮೀಟರ್, ಎಚ್‌ಒದಲ್ಲಿ ಹತ್ತೊಂಬತ್ತಕ್ಕೂ ಮಿಗಿಲಾಗಬೇಕು. ನಾವೆಲ್ಲ ಓಡಿಸುವುದು ಅಂಗಡಿಯ 16.5ರ ಹಳಿ. ಓರೆಯಿಂದ ಯಾರ ಕಣ್ಣಿಗೂ ಬೀಳದ ಈ ಕೊರತೆ ಎದುರಿನಿಂದ ಎದ್ದು ಕಾಣುತ್ತದೆ.

ಇಷ್ಟೆಲ್ಲ ಮಾಡಿ ವಾಟ್ಸಾಪಿನಲ್ಲಿ ಎಚ್‌ಡಿ ಒತ್ತದೆ ಬರೀ ಫೋಟೊ ಎಂದೇ ಕಳಿಸಿದರೆ ಉದ್ದದ ಬದಿ ಸುಮಾರು 1600 ಪಿಕ್ಸೆಲ್ಲಿಗೆ ಕುಗ್ಗಿ, ಜಲ್ಲಿಯೆಲ್ಲ ಕಲಸಿದ ಸಿಮೆಂಟಾಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ. ಆದರೆ ಹಾಗೆ ಕಳಿಸಿದಾಗ ಲೊಕೇಶನ್ ಕೂಡ ಫೈಲಿನೊಳಗೇ ಹೋಗುತ್ತದೆ. ಮಹಡಿ ಮೇಲೆ ಲಕ್ಷದ ಎಂಜಿನ್ನುಗಳಿವೆ ಎಂದು ಊರಿಗೆಲ್ಲ ಮನೆ ತೋರಿಸುವುದು ಬೇಡ, ಕ್ಯಾಮೆರಾ ಸೆಟ್ಟಿಂಗಿನಲ್ಲಿ ಲೊಕೇಶನ್ ಆಫ್ ಮಾಡಿಡಿ. ಬಣ್ಣವನ್ನು ಒಂದು ಹಳೇ ಅಗ್ಗದ ಫೋನಿನಲ್ಲೂ ನೋಡಿಯೇ ಕಳಿಸಿ, ದುಬಾರಿ ಪರದೆ ಎಲ್ಲವನ್ನೂ ಹಸಿರುಕ್ಕಿಸುತ್ತದೆ. ಜೊತೆಗೆ ಐದು ರೂಪಾಯಿ ನಾಣ್ಯ ಇಟ್ಟ ಎರಡನೆಯ ಚಿತ್ರವೊಂದಿರಲಿ, ನಿಜವಾದ ರೈಲಿನದೇ ಫೋಟೊ ಹಾಕಿ ಟೋಪಿ ಹಾಕುತ್ತಿದ್ದೀರಿ ಎನ್ನುವವರು ನಮ್ಮಲ್ಲಿಲ್ಲವೇ?

ಇಷ್ಟು ತಲೆಕೆಡಿಸಿಕೊಳ್ಳಬೇಕಾ ಎನ್ನುವವರಿಗೆ ಕ್ಯಾಲಿಫೋರ್ನಿಯಾದ ಜಾನ್ ಆ್ಯಲೆನ್ ನೆನಪಿಸುತ್ತೇನೆ. ವೃತ್ತಿಯಿಂದ ಫೋಟೊಗ್ರಾಫರ್. 1973ರ ಜನವರಿಯಲ್ಲಿ ಆತ ತೀರಿಕೊಂಡ ಕೆಲವೇ ದಿನಗಳಲ್ಲಿ ಅವನ ಹೆಸರಾಂತ ಲೇಔಟಿಗೆ ಬೆಂಕಿ ಬಿತ್ತು. ಅವನ ಬೆಟ್ಟ ಸೇತುವೆಗಳನ್ನು ನಾವು ಇವತ್ತು ನೋಡುತ್ತಿರುವುದು ಫೋಟೊಗಳಲ್ಲಿ.

ಕ್ಲಾಂಪು, ರಿಮೋಟು, ದೀಪ, ಕಾಗದ ಎಲ್ಲ ಸೇರಿ ಈ ವಿಧಾನಕ್ಕೆ ನನಗೆ ಬಿದ್ದ ಖರ್ಚು ಒಂದೂವರೆ ಸಾವಿರ ದಾಟಿಲ್ಲ. ಅರಸೀಕೆರೆಯವರು ನಾಣ್ಯದ ಚಿತ್ರ ನೋಡಿದ ಮೇಲೂ ಒಂದು ಕೊಕ್ಕೆ ಇಟ್ಟಿದ್ದಾರೆ: ಜಲ್ಲಿ ದಪ್ಪವಾಯಿತಂತೆ, ಅಂಥ ಕಲ್ಲಿನ ಮೇಲೆ ಗ್ಯಾಂಗ್‌ಮನ್ ನಡೆದರೆ ಕಾಲು ಉಳುಕುತ್ತದಂತೆ. ಚಹಾ ಸೋಸುವ ಜರಡಿಯಲ್ಲಿ ಮರಳು ಸೋಸುತ್ತಿದ್ದೇನೆ. ಮುಂದಿನ ಆಷಾಢದ ಹೊತ್ತಿಗೆ ಸೇತುವೆಯ ಈಚೆ ಬದಿಗಾದರೂ ಹೊಸ ಜಲ್ಲಿ ಬಿದ್ದಿರುತ್ತದೆ.