ಬಾಗಿಲಿಗೆ ಅಂಟಿಸಿದ ಚೀಟಿ ಓದಿ ಟ್ರಕ್ ಕೊಂಡ ಕಥೆ

ಅಮೆರಿಕದ ಕೊಲೊರಾಡೊ ರಾಜ್ಯದ ಡೆನ್ವರಿನಲ್ಲಿ ಬೇಸಿಗೆ ಬಂತೆಂದರೆ ಅರ್ಧ ಊರು ಟ್ರೇಲರ್, ಅಂದರೆ ಗಾಡಿಯ ಹಿಂದೆ ಎಳೆದೊಯ್ಯುವ ಗಾಲಿಮನೆ, ಕಟ್ಟಿಕೊಂಡು ಬೆಟ್ಟ ಹತ್ತುತ್ತದೆ. 2023ರಲ್ಲಿ ಆ ಹುಚ್ಚು ನಮ್ಮ ಮನೆಗೂ ಹತ್ತಿತು. ಇಲ್ಲಿ ಹೆಚ್ಚಿನವರು ಟ್ರಕ್ ಮೊದಲು ಕೊಂಡು, ಅದಕ್ಕೆ ತಕ್ಕ ಟ್ರೇಲರ್ ಹುಡುಕುತ್ತಾರೆ. ನಾನು ಟ್ರೇಲರನ್ನು ಮೊದಲು ಗೊತ್ತು ಮಾಡಿಕೊಂಡೆ: ಇಪ್ಪತ್ತಾರು ಅಡಿ ಉದ್ದ, ನೀರು, ಗ್ಯಾಸ್, ಪಾತ್ರೆ ಪಗಡೆ ಎಲ್ಲ ತುಂಬಿದಾಗ ಸುಮಾರು 7,000 ಪೌಂಡ್. ಅಂದರೆ ಮೂರು ಟನ್ನಿಗೂ ಮೇಲೆ. ಕಂಪನಿಯ ಕೈಪಿಡಿ 5,700 ಎನ್ನುತ್ತದೆ. ಅದು ಖಾಲಿ ಡಬ್ಬಿಯ ತೂಕ. ಖಾಲಿ ಟ್ರೇಲರನ್ನು ಯಾರೂ ಪ್ರವಾಸಕ್ಕೆ ಒಯ್ಯುವುದಿಲ್ಲ.

ಕಣದಲ್ಲಿದ್ದವು ನಾಲ್ಕು ಹಾಫ್-ಟನ್, ಅಂದರೆ ದೊಡ್ಡ ಪಿಕಪ್‌ಗಳಲ್ಲಿ ಹಗುರ ದರ್ಜೆಯ, ಪಿಕಪ್‌ಗಳು. ಆ ವರ್ಷದ ಜಾಹೀರಾತಿನ ಪ್ರಕಾರ ಫೋರ್ಡ್ ಎಫ್-150 ಗರಿಷ್ಠ 14,000 ಪೌಂಡ್ ಎಳೆಯುತ್ತದೆ, ಡೀಸೆಲ್ ಎಂಜಿನ್ನಿನ ಷೆವಿ ಸಿಲ್ವರಾಡೊ 13,300, ರಾಮ್ 1500 12,750, ಟೊಯೋಟಾ ಟಂಡ್ರಾ 12,000. ಇದನ್ನೇ ನಂಬಿದರೆ ನಾಲ್ಕರಲ್ಲಿ ಯಾವುದಾದರೂ ಆದೀತು, ಬಣ್ಣ ನೋಡಿ ಆರಿಸಿಕೊಳ್ಳಬಹುದು. ಈ ಅಂಕಿಗಳು ಸುಳ್ಳಲ್ಲ. ಎಳೆಯುವ ಶಕ್ತಿಯನ್ನು ಅಳೆಯುವ ಎಸ್‌ಎಇ ಜೆ2807 ಎಂಬ ಮಾನದಂಡದಂತೆ ಗಾಡಿ ಅಷ್ಟು ಭಾರ ಎಳೆದುಕೊಂಡು ಅರಿಜೋನಾದ ಡೇವಿಸ್ ಡ್ಯಾಮಿನ ಸುಡುಬಿಸಿಲಿನ ಏರಿನಲ್ಲಿ, ಎಸಿ ಹಾಕಿಕೊಂಡೇ, ಗಂಟೆಗೆ 40 ಮೈಲಿಗಿಂತ ಕೆಳಗಿಳಿಯದೆ ಹತ್ತಬೇಕು. ಆದರೆ ಆ ಲೆಕ್ಕದಲ್ಲಿ ಟ್ರಕ್ಕಿನೊಳಗೆ ಇರುವವರು ಇಬ್ಬರೇ, ತಲಾ 150 ಪೌಂಡ್. ಮಕ್ಕಳಿಲ್ಲ, ಸೈಕಲ್ಲಿಲ್ಲ, ಸೌದೆಯಿಲ್ಲ. ಅದೂ ಅಲ್ಲದೆ ಗರಿಷ್ಠ ಅಂಕಿ ಸಿಗುವುದು ಯಾವುದೋ ಒಂದೇ ನಿರ್ದಿಷ್ಟ ಜೋಡಣೆಯ ಗಾಡಿಗೆ.

ಹಾಫ್-ಟನ್ ಗಾಡಿಯಲ್ಲಿ ಮೊದಲು ಮುಗಿದುಹೋಗುವುದು ಪೇಲೋಡ್, ಅಂದರೆ ಗಾಡಿ ತನ್ನ ಬೆನ್ನ ಮೇಲೆ ಹೊರಬಲ್ಲ ಭಾರ. ಟ್ರೇಲರಿನ ಮೂತಿ ಟ್ರಕ್ಕಿನ ಹಿಂಬದಿಯ ಜೋಡುಕೊಂಡಿಯಾದ ಹಿಚ್ಚಿನ ಮೇಲೆ ಕೂತಾಗ ಅದರ ಒಟ್ಟು ತೂಕದ ಶೇ. 10ರಿಂದ 15ರಷ್ಟು ಟ್ರಕ್ಕಿನ ಮೇಲೆ ಬೀಳುತ್ತದೆ. ಅದಕ್ಕಿಂತ ಕಡಿಮೆಯಾದರೆ ಟ್ರೇಲರ್ ಹೆದ್ದಾರಿಯಲ್ಲಿ ಬಾಲ ಆಡಿಸತೊಡಗುತ್ತದೆ. ಶೇ. 13 ಹಿಡಿದರೆ ನನ್ನದಕ್ಕೆ 910 ಪೌಂಡ್. ನಾವು ನಾಲ್ವರು 560. ಮೂತಿಯ ಭಾರವನ್ನು ಸ್ಪ್ರಿಂಗ್ ಸರಳುಗಳಿಂದ ಮುಂದಿನ ಚಕ್ರಗಳಿಗೂ ಹಂಚುವ ಹಿಚ್ಚಿನ ತೂಕವೇ 90. ಐಸ್ ಪೆಟ್ಟಿಗೆ, ಸೌದೆ, ಸೈಕಲ್ಲುಗಳಿಗೆ 150. ಕೂಡಿದರೆ 1,710.

ಈ ಒಂದು ಸಂಖ್ಯೆಯನ್ನು ಜೇಬಿನಲ್ಲಿಟ್ಟುಕೊಂಡು ಷೋರೂಮುಗಳನ್ನು ಸುತ್ತಿದೆ. ಚಾಲಕನ ಬಾಗಿಲು ತೆರೆದರೆ ಕಂಬದ ಮೇಲೆ ಹಳದಿ ಪಟ್ಟಿಯ ಚೀಟಿಯೊಂದು ಅಂಟಿಸಿರುತ್ತದೆ: ಜನ ಮತ್ತು ಸಾಮಾನು ಸೇರಿ ಇಷ್ಟು ಪೌಂಡ್ ಮೀರಬಾರದು ಎಂದು. ಅದು ಆ ಮಾದರಿಯದಲ್ಲ, ಎದುರಿಗೆ ನಿಂತಿರುವ ಆ ಒಂದು ಗಾಡಿಯದೇ ಲೆಕ್ಕ. ಸೇಲ್ಸ್‌ಮನ್ ಚರ್ಮದ ಸೀಟು, ದೊಡ್ಡ ಪರದೆ, ಗಾಜಿನ ಚಾವಣಿ ತೋರಿಸುತ್ತಿದ್ದರೆ ನಾನು ಮೊಬೈಲಿನ ಬೆಳಕು ಹಿಡಿದು ಬಾಗಿಲ ಬುಡದಲ್ಲಿ ಬಗ್ಗಿ ನಿಂತಿರುತ್ತಿದ್ದೆ. ಅವನು ತೋರಿಸಿದ ಒಂದೊಂದು ಸೌಖ್ಯವೂ ಆ ಚೀಟಿಯ ಅಂಕಿಯಿಂದ ಕಳೆದದ್ದೇ. ನಾನು ನೋಡಿದ ರಾಮ್ ಲಾರಮಿಯದು 1,240, ಟಂಡ್ರಾದ್ದು 1,390, ಡೀಸೆಲ್ ಸಿಲ್ವರಾಡೊದ್ದು 1,580. ಆರೂವರೆ ಅಡಿ ತೊಟ್ಟಿಯ, ಹೆಚ್ಚು ಭಾರ ಎಳೆಯಲೆಂದೇ ಕೊಡುವ ಮ್ಯಾಕ್ಸ್ ಟೋ ಪ್ಯಾಕೇಜಿನ ಎಫ್-150 ಎಕ್ಸ್‌ಎಲ್‌ಟಿ 1,870 ತೋರಿಸಿತು. ಅದರ ಪಕ್ಕದಲ್ಲೇ ಮಿರಮಿರ ಮಿಂಚುತ್ತಿದ್ದ ಎಫ್-150 ಪ್ಲಾಟಿನಂ ಸೋತಿತು. ಹಾಗಾಗಿ ಫೋರ್ಡ್ ಗೆದ್ದಿತು ಎಂದು ಓದಬೇಡಿ. ಗೆದ್ದದ್ದು ಬಡ ಒಳಾಂಗಣದ ಒಂದು ಗಾಡಿ. ಸವಾರಿಯ ಸುಖಕ್ಕೆ ಹೇಳುವುದಾದರೆ ಹಿಂಬದಿಗೂ ಕಾಯಿಲ್ ಸ್ಪ್ರಿಂಗ್ ಇರುವ ರಾಮ್ ನನಗೆ ಎಲ್ಲಕ್ಕಿಂತ ಹಿಡಿಸಿತ್ತು.

ಎಂಜಿನ್ನಿನ ವಿಷಯದಲ್ಲಿ ಕೊಲೊರಾಡೊದವರಿಗೆ ಬೇರೆಯದೇ ಚಿಂತೆ. ಐ-70 ಹೆದ್ದಾರಿಯ ಐಸೆನ್‌ಹೋವರ್ ಸುರಂಗ 11,000 ಅಡಿಗೂ ಮೇಲಿದೆ. ಅಲ್ಲಿ ಗಾಳಿ ತೆಳು; ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಇಲ್ಲದ ಎಂಜಿನ್ ಪ್ರತಿ ಸಾವಿರ ಅಡಿಗೆ ಸುಮಾರು ಶೇ. 3ರಷ್ಟು ಶಕ್ತಿ ಕಳೆದುಕೊಳ್ಳುವುದರಿಂದ, ಅಲ್ಲಿ ತಲುಪುವ ಹೊತ್ತಿಗೆ ಎಂಟು ಸಿಲಿಂಡರಿನ ವಿ8 ಕೂಡ ಮೂರರಲ್ಲಿ ಒಂದು ಪಾಲು ಬಲ ಬಿಟ್ಟುಕೊಟ್ಟಿರುತ್ತದೆ. ಫೋರ್ಡಿನ 3.5 ಲೀಟರ್ ಇಕೋಬೂಸ್ಟ್, ಟಂಡ್ರಾದ ವಿ6, ಷೆವಿಯ ಡೀಸೆಲ್ ಮೂರಕ್ಕೂ ಟರ್ಬೊ ಇದೆ. ಕರಾವಳಿಯ ಊರಿನಲ್ಲಿದ್ದಿದ್ದರೆ ಇದನ್ನು ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ.

ಕೊಂಡ ಮೇಲೆ ಮಾಡಿದ ಮೊದಲ ಕೆಲಸ ತೂಕ ಹಾಕಿಸಿದ್ದು. ಹೆದ್ದಾರಿಯ ಟ್ರಕ್ ಸ್ಟಾಪುಗಳಲ್ಲಿ ಕ್ಯಾಟ್ ಸ್ಕೇಲ್ ಎಂಬ ವೇಬ್ರಿಜ್ ಇರುತ್ತದೆ; ಮುಂದಿನ ಆಕ್ಸಲ್, ಹಿಂದಿನ ಆಕ್ಸಲ್, ಟ್ರೇಲರ್ ಮೂರನ್ನೂ ಬೇರೆಬೇರೆಯಾಗಿ ತೂಗಿ ಚೀಟಿ ಕೊಡುತ್ತಾರೆ. ಟ್ರೇಲರ್ ಇಲ್ಲದಾಗ ಮುಂದಿನ ಆಕ್ಸಲ್ ಮೇಲೆ 3,120 ಪೌಂಡ್ ಇತ್ತು. ಟ್ರೇಲರ್ ಕಟ್ಟಿ, ಹಿಚ್ಚಿನ ಸ್ಪ್ರಿಂಗ್ ಸರಳುಗಳನ್ನು ಏರಿಸದೆ ತೂಗಿದಾಗ 2,750ಕ್ಕೆ ಇಳಿಯಿತು. ಹಿಂಬದಿ ಕುಸಿದು ಮೂತಿ ಮೇಲೆದ್ದಿತ್ತು. ಸ್ಟಿಯರಿಂಗ್ ಹಿಡಿತವೂ ಮುಂಬ್ರೇಕಿನ ಹಿಡಿತವೂ ಇರುವುದು ಆ ಮುಂದಿನ ಚಕ್ರಗಳಲ್ಲೇ. ಸರಳುಗಳನ್ನು ಏರಿಸಿ ಮತ್ತೆ ತೂಗಿದೆ: 3,010. ಹಿಂದಿನ ಆಕ್ಸಲ್ ತನ್ನ ಮಿತಿಯೊಳಗೆ ಬಂತು. ಸರಪಳಿಯ ಎಷ್ಟನೇ ಕೊಂಡಿಗೆ ಸರಳು ಸಿಕ್ಕಿಸಿದೆ ಎಂಬುದನ್ನು ಅಲ್ಲೇ ಬಣ್ಣದಿಂದ ಗುರುತು ಮಾಡಿಟ್ಟೆ.

ಏರಿಗಿಂತ ಇಳಿಜಾರು ಕಷ್ಟ. ಸುರಂಗ ದಾಟಿ ಸಿಲ್ವರ್‌ಥಾರ್ನ್ ಕಡೆಗೆ ಶೇ. 7ರ ಇಳಿಜಾರು, ಬ್ರೇಕ್ ಸೋತ ಲಾರಿಗಳಿಗೆಂದೇ ಪಕ್ಕದಲ್ಲಿ ಜಲ್ಲಿ ತುಂಬಿದ ಏರುದಾರಿ ಕಟ್ಟಿದ್ದಾರೆ. ಏರುವ ಗೇರಿನಲ್ಲೇ ಇಳಿಯಬೇಕು ಎಂದು ಚಾರ್ಮಾಡಿಯ ಬಸ್ ಚಾಲಕರು ಹೇಳುತ್ತಿದ್ದ ಮಾತು ಇಲ್ಲಿಯೂ ನಡೆಯುತ್ತದೆ. ಭಾರ ಎಳೆಯುವಾಗ ಬಳಸುವ ಟೋ-ಹಾಲ್ ಮೋಡ್ ಹಾಕಿದರೆ ಗಾಡಿ ತಾನೇ ಗೇರ್ ಇಳಿಸಿಕೊಂಡು ಎಂಜಿನ್ನಿನಿಂದ ವೇಗ ಹಿಡಿದಿಡುತ್ತದೆ. ಟ್ರೇಲರಿನ ಬ್ರೇಕನ್ನು ಮಾತ್ರ ಮೊದಲೇ ಖಾಲಿ ಜಾಗದಲ್ಲಿ ಪರೀಕ್ಷಿಸಿಕೊಂಡಿರಬೇಕು: ಗಂಟೆಗೆ 25 ಮೈಲಿಯಲ್ಲಿ ಟ್ರೇಲರ್ ಬ್ರೇಕಿನ ಪ್ರತ್ಯೇಕ ಹಿಡಿಯನ್ನು ಕೈಯಿಂದ ಒತ್ತಿದಾಗ ಟ್ರೇಲರ್ ಹಿಂದಕ್ಕೆ ಜಗ್ಗಬೇಕು, ಚಕ್ರ ಕಚ್ಚಿಕೊಂಡು ಜಾರಬಾರದು. ವಯೋಮಿಂಗಿನ ಐ-80ರ ಅಡ್ಡಗಾಳಿಯಲ್ಲಿ ನನ್ನನ್ನು ಕಾಪಾಡಿದ್ದು ಉದ್ದನೆಯ 157 ಇಂಚಿನ ವೀಲ್‌ಬೇಸ್, ಅಂದರೆ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ. ಕುದುರೆಶಕ್ತಿಗೆ ಅಲ್ಲಿ ಕೆಲಸವಿಲ್ಲ.

ಟ್ರೇಲರ್ ಕಟ್ಟಿದಾಗ ಗ್ಯಾಲನ್ನಿಗೆ ಒಂಬತ್ತು ಹತ್ತು ಮೈಲಿ ಸಿಕ್ಕಿದರೆ ಪುಣ್ಯ. ಈ ಒಂದು ಕಾರಣಕ್ಕೆ ಷೆವಿಯ ಡೀಸೆಲ್ ಈಗಲೂ ಆಸೆ ಹುಟ್ಟಿಸುತ್ತದೆ. ನಿಮ್ಮ ಟ್ರೇಲರ್ ತುಂಬಿದಾಗ 8,000 ಪೌಂಡ್ ದಾಟುವುದಾದರೆ, ಮನೆಯಲ್ಲಿ ನಾಲ್ವರಿದ್ದರೆ, ಹಾಫ್-ಟನ್ ಬಿಟ್ಟು ಅದಕ್ಕಿಂತ ಒಂದು ಮೆಟ್ಟಿಲು ದೊಡ್ಡದಾದ 2500 ಅಥವಾ ಎಫ್-250 ಸಾಲಿಗೆ ಹೋಗಿ. ಅಲ್ಲಿಯೂ ಡೀಸೆಲ್ ಎಂಜಿನ್ ಭಾರವಾದ್ದರಿಂದ ಬಾಗಿಲ ಚೀಟಿ ಓದದೆ ಸಹಿ ಹಾಕಬೇಡಿ.